ಉಪ್ಪು ನೀರು

ತಂಬಿಗೆ ತುಂಬಿಯೇ ಇತ್ತು. ಬೆಳಗಿನ ಆರಕ್ಕೆ ಹೆಂಡತಿ ಚನಬಸವ್ವ ತಂದಿಟ್ಟಾಗ ಎಷ್ಟಿತ್ತೋ ಹನ್ನೊಂದಕ್ಕೂ ಅಷ್ಟೇ. ಒಂದು ಇರುವೆ ಬಿದ್ದು ಸತ್ತು ತೇಲುತ್ತಿದ್ದುದೊಂದೇ ಹೆಚ್ಚಿನದು. ಶಿವರಾಯ ಹೊಸ್ತಿಲ ಮೇಲೆ ನಿಂತು ಆ ತಂಬಿಗೆಯನ್ನೂ, ಅದರಾಚೆ ಗೋಡೆಗೆ ಮುಖ ಮಾಡಿ ಕೂತ ತಾಯಿಯ ಬೆನ್ನನ್ನೂ ನೋಡಿದ. ಎಪ್ಪತ್ನಾಲ್ಕು ವರ್ಷದ ಬೆನ್ನು. ಕುಪ್ಪಸದ ಕೆಳಗೆ ಎಲುಬಿನ ಮಣಿಗಳು ಒಂದೊಂದೇ ಕಾಣುತ್ತಿದ್ದವು. ಆ ಬೆನ್ನಿಗೂ ಒಂದು ಮುಖವಿದೆ, ಅದು ತನ್ನನ್ನೇ ದಿಟ್ಟಿಸುತ್ತಿದೆ ಅನ್ನಿಸಿ ಅವನ ಮೈ ಉರಿಯಿತು. ನಿನ್ನೆ ಸಂಜೆಯಿಂದ ಈರಮ್ಮ ಒಂದು ಹನಿ ನೀರು ಮುಟ್ಟಿರಲಿಲ್ಲ. ಮಾರ್ಚ್ ಕೊನೆಯ ನಾಸಿಕದ ಬಿಸಿಲು ಕ್ವಾರ್ಟರ್ಸಿನ ತಗಡಿನ ಪತ್ರಾಸಿನ ಮೇಲೆ ಕಾದು, ಕಾದದ್ದು ಸಾಲದೆಂಬಂತೆ ಒಳಗೂ ಇಳಿಯುತ್ತಿತ್ತು.

"ಅವ್ವಾ, ಕಡೀ ಸಲ ಕೇಳ್ತೀನಿ. ಕುಡೀತೀಯೋ ಇಲ್ಲೋ?"

ಬೆನ್ನು ಅಲುಗಲಿಲ್ಲ.

"ಹಟಾ ಮಾಡಿ ಸತ್ತರ ಮಂದಿ ನನ್ನ ಮುಖಕ್ಕ ಉಗೀತಾರ. ಅದ ಬೇಕಾಗ್ಯದೇನು ನಿನಗ?"

"ನಿನ್ನಿ ಕಕ್ಕಿಸೋ ಮುಂದ ಡಾಕ್ಟರ್ ಆಗಿದ್ರಿ," ಅಡುಗೆಮನೆಯಿಂದ ಚನಬಸವ್ವನ ದನಿ ಬಂತು. "ಇವತ್ತ ವಕೀಲರಾದ್ರೇನು?"

"ನೀ ಸುಮ್ಮನಿರು."

"ಸುಮ್ಮನ ಅದೀನಿ. ನಿನ್ನಿನೂ ಸುಮ್ಮನ ಇದ್ದೆ. ಅದಕ್ಕ ಹಿಂಗಾಗ್ಯದ."

ಮೂಲೆಯಲ್ಲಿ ಹನ್ನೆರಡು ವರ್ಷದ ಮಗಳು ಶುಭಾ ಮೊಣಕಾಲು ತಬ್ಬಿ ಕೂತಿದ್ದಳು. ಕನ್ನಡ ಅವಳಿಗೆ ಕೇಳಲಿಕ್ಕೆ ಸರಿ, ಆಡಲಿಕ್ಕೆ ಬಂದರೆ ಅರ್ಧ ಮರಾಠಿಯ ಮೇಲೆ ಊರುಗೋಲು ಹಾಕಿಕೊಂಡೇ ಬರುತ್ತಿತ್ತು. "ಪಪ್ಪಾ, ಆಜೀ ಪಾಣೀ ಯಾಕ ಕುಡೀತಿಲ್ಲ, ಮಲಾ ಮಾಹೀತ ಆಹೇ, ನಂಗ ಗೊತ್ತದ..." ಅಂದಳು. ಅವನು ತಿರುಗಿ, "ನೀ ಇನ್ನೊಮ್ಮಿ ಆ ಚರ್ಚಿನ ಕಡಿ ಹೋದಿ ಅಂದ್ರ ಕಾಲ ಮುರೀತೀನಿ," ಎಂದ. ಅವಳು ಮೊಣಕಾಲಿಗೆ ಗದ್ದ ಊರಿದಳು. ಚಹಾದ ಕಪ್ಪನ್ನು ಬೆಳಿಗ್ಗೆಯೇ ಸಿಟ್ಟಿನಲ್ಲಿ ದೂಡಿದ್ದ, ಅದಿನ್ನೂ ಅಲ್ಲೇ ಕೆನೆಗಟ್ಟಿ ಕೂತಿತ್ತು. ಒಂದು ಗುಟುಕು ನೀರನ್ನಾದರೂ ಕುಡಿದು ಹೊರಡಬೇಕಿತ್ತು. ಆದರೆ ಕುಡಿಯದೆ ಕೂತವಳ ಎದುರು ಗಟಗಟ ಕುಡಿಯುವುದು ಹೇಗೆ? ಅದೂ ಒಂದು ಸೋಲೇ. ಚಪ್ಪಲಿ ಮೆಟ್ಟಿ ಹೊರಬಿದ್ದ.

ಅವನ ಲೆಕ್ಕಾಚಾರ ಸರಳವಿತ್ತು. ಇವತ್ತು ಗುಡ್ ಫ್ರೈಡೆ, ಆಫೀಸಿಗೆ ರಜೆ. ಅವನ ಲ್ಯಾಬಿನ ಹರಿದಾಸ ಚರ್ಚಿನಲ್ಲೇ ಇರುತ್ತಾನೆ. ಅವನನ್ನು ಕರೆತರುವುದು, ತಾಯಿಯ ಎದುರು ನಿಲ್ಲಿಸುವುದು, ಬಾಯಿಬಿಟ್ಟು ಹೇಳಿಸುವುದು: ಆಯೀ, ಅದು ಬರೀ ನಳದ ನೀರು, ನಾನು ಸಾಹೇಬರ ಲ್ಯಾಬಿನಲ್ಲಿ ಬಾಟಲಿ ತೊಳೆಯುವವನು, ನನ್ನ ಕಾಲಿನಲ್ಲಿ ಏನೂ ಇಲ್ಲ. ಇಷ್ಟು ಹೇಳಿದರೆ ಮುಗಿಯಿತು, ಮುದುಕಿಯ ತಲೆಯಿಂದ ಭ್ರಮೆ ಇಳಿಯುತ್ತದೆ, ತಂಬಿಗೆ ಎತ್ತುತ್ತಾಳೆ. ಕದಡಿದ ನೀರಿಗೆ ಪಟಿಕದ ಹರಳು ಹಾಕಿ ತಿರುವಿದರೆ ರಾಡಿ ತಳಕ್ಕೆ ಕೂರುವುದಿಲ್ಲವೇ? ಹಾಗೆ. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕಳೆದವನು ಅವನು; ಗೋದಾವರಿಯ ನೀರು ಅವನಷ್ಟು ಯಾರಿಗೆ ಗೊತ್ತು? ಔರಂಗಾಬಾದಿನಲ್ಲಿ ಇದ್ದಾಗ ಪೈಠಣದ ಘಾಟಿನಲ್ಲಿ ತುಂಬಿ ತರುತ್ತಿದ್ದ, ಈಗ ಎಂಟು ವರ್ಷದಿಂದ ಪಂಚವಟಿಯ ಕುಂಡದಲ್ಲಿ. ಅವನು ಬಾಟಲಿ ಮುಳುಗಿಸುವ ಪಕ್ಕದಲ್ಲೇ ಯಾತ್ರಿಕರು ಬೊಗಸೆಯಲ್ಲಿ ಎತ್ತಿ ಕುಡಿಯುತ್ತಾರೆ. ಅದರಲ್ಲಿ ಏನಿದೆಯೆಂದು ಅವನು ಎಂದೂ ಯಾರಿಗೂ ಹೇಳಿಲ್ಲ. ಅಲ್ಲಿನ ಪುರೋಹಿತ ಪಂಡರ ತೋಳುಗಳನ್ನು ನೋಡಿದರೆ ಹೇಳುವ ಧೈರ್ಯವೂ ಆಗುವುದಿಲ್ಲ. ಹೇಳಿದ್ದು ಒಬ್ಬಳಿಗೇ, ತಾಯಿಗೆ; ಅದೂ ಬೇರೆ ನೀರಿನ ಬಗ್ಗೆ.

ಕಳೆದ ಶ್ರಾವಣ. ಕಲಬುರಗಿ ಕಡೆಯ ಜಂಗಮರು, ಅಯ್ಯನವರೊಬ್ಬರು, ಭದ್ರಕಾಳಿ ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದರು. ಸೋಮವಾರ ಸೋಮವಾರ ಮನೆಗೆ ಬರುತ್ತಿದ್ದರು. ಈರಮ್ಮ ಅವರ ಪಾದ ತೊಳೆದು ಆ ಪಾದೋದಕವನ್ನು ಮೂರು ಸಲ ಅಂಗೈಯಲ್ಲಿ ಹಿಡಿದು ಕುಡಿದು, ಕಣ್ಣಿಗೆ ಒತ್ತಿಕೊಂಡು, ಆಮೇಲೆಯೇ ಊಟ. ಭಾಲ್ಕಿಯಲ್ಲಿ ಹುಟ್ಟಿದಂದಿನಿಂದ ಅವಳಿಗೆ ಇದೇ ರೂಢಿ. ನಾಸಿಕಕ್ಕೆ ಬಂದಮೇಲೆ ವಾರಕ್ಕೊಮ್ಮೆಗೆ ಇಳಿದಿತ್ತು, ಅದರ ಬಗ್ಗೆ ಅವಳು ಗೊಣಗಿದವಳಲ್ಲ. ಒಂದು ಸೋಮವಾರ ಅವಳಿಗೆ ಭೇದಿಯಾಯಿತು. ಬೇಸಿಗೆಗೆ ಭೇದಿ, ಮಳೆಗಾಲಕ್ಕೆ ಭೇದಿ, ಯಾರಿಗೆ ಆಗುವುದಿಲ್ಲ? ಅವನು ಮಾತ್ರ ಮುಂದಿನ ವಾರ ಆ ಬಟ್ಟಲಿನ ನೀರನ್ನು ಬಾಟಲಿಗೆ ತುಂಬಿ ಲ್ಯಾಬಿಗೆ ಒಯ್ದ. ಅದರ ಮುಂದಿನ ವಾರ ಅಯ್ಯನವರು ಮಣೆಯ ಮೇಲೆ ಕೂತು ಕಾಲು ಚಾಚಿದಾಗ ರಿಪೋರ್ಟಿನ ಕಾಗದ ತೆಗೆದು ಗಟ್ಟಿಯಾಗಿ ಓದಿದ. ನೂರು ಮಿಲಿಲೀಟರಿಗೆ ಸಾವಿರದ ಎಂಟುನೂರಕ್ಕೂ ಮೇಲೆ. "ಹೇಲಿನ ಹುಳ ಅವ ಇದರಾಗ, ಅವ್ವಾ." ಅಯ್ಯನವರು ಚಾಚಿದ ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು. ಆ ಎಳೆದುಕೊಂಡದ್ದು ಮಾತ್ರ ಶಿವರಾಯನ ಕಣ್ಣಿಗೆ ಈಗಲೂ ಕಟ್ಟಿದಂತಿತ್ತು: ಹಿಮ್ಮಡಿ ಒಡೆದ, ಗಡಿಯಾರದ ಎಣ್ಣೆ ಹತ್ತಿದ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂಥ ಕಾಲು. ಮತ್ತೆ ಅವರು ಬರಲಿಲ್ಲ. ಈರಮ್ಮ ಕೇಳಲಿಲ್ಲ. ಎಂಟು ತಿಂಗಳು ಸರಿಯಾಗಿ ಉಂಡಳು, ಕುದಿಸಿ ಆರಿಸಿದ ನೀರನ್ನೇ ಕುಡಿದಳು. ಅವನು ಗೆದ್ದೆ ಅಂದುಕೊಂಡಿದ್ದ. ಒಂದೊಂದು ಸಲ ಊಟಕ್ಕೆ ಮುಂಚೆ ಅವಳು ಖಾಲಿ ಅಂಗೈಯನ್ನು ನೋಡಿಕೊಳ್ಳುತ್ತಿದ್ದುದು ಕಂಡರೂ, ರೇಖೆ ನೋಡಿಕೊಳ್ಳುತ್ತಿದ್ದಾಳೆ ಬಿಡು ಅಂದುಕೊಂಡಿದ್ದ.

ಸ್ಕೂಟರಿನ ಹಿಂದಿನ ಗಾಲಿ ಕೂತುಬಿಟ್ಟಿತ್ತು. ಅದೂ ಇವತ್ತೇ. ಅದಕ್ಕೊಂದು ಒದೆ ಕೊಟ್ಟು ನಡೆದೇ ಹೊರಟ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಕಬ್ಬಿನ ಹಾಲಿನ ಗಾಡಿಯವನು ಗೆಜ್ಜೆ ಕುಲುಕಿಸುತ್ತ ಗಾಣ ತಿರುಗಿಸುತ್ತಿದ್ದ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದ್ದರೂ ನಿಲ್ಲಲಿಲ್ಲ. ನಿಂತರೆ ಸಿಟ್ಟು ಆರೀತೆಂಬ ಭಯ. ಸಿಟ್ಟು ಆರಿದರೆ ಅದರ ಕೆಳಗೆ ಏನಿದೆಯೆಂದು ನೋಡಬೇಕಾಗುತ್ತದೆ.

ನಿನ್ನೆ ಶುಭಾಳ ಮಿಶನ್ ಶಾಲೆಯ ಹುಡುಗಿಯರು ಚರ್ಚಿನಲ್ಲಿ ಹಾಡುವವರಿದ್ದರು. ಮೊಮ್ಮಗಳ ಹಾಡು ಕೇಳಲು ಈರಮ್ಮನೂ ಹೋಗಿದ್ದಳು. ಕರೆತರಲು ಶಿವರಾಯ ಹೋದಾಗ ಇನ್ನೂ ಮುಗಿದಿರಲಿಲ್ಲ. ಈ ವರ್ಷ ಬಂದ ಹೊಸ ಪಾದ್ರಿ ಹೊಸ ಪದ್ಧತಿ ಶುರು ಮಾಡಿದ್ದ: ಸಾಯುವ ಹಿಂದಿನ ಸಂಜೆ ಯೇಸು ತನ್ನ ಶಿಷ್ಯರ ಕಾಲು ತೊಳೆದನಂತೆ, ಹಾಗೆ ಪಾದ್ರಿ ಸೊಂಟಕ್ಕೆ ಟವೆಲು ಕಟ್ಟಿ, ಸಭೆಯ ಹನ್ನೆರಡು ಜನರ ಕಾಲನ್ನು ಬೋಗುಣಿಯಲ್ಲಿ ತೊಳೆದು ಒರೆಸುವುದು. ಸಭೆಯವರಿಗೂ ಅದು ಹೊಸತೇ; ಕಾಲು ಚಾಚಿದವರು ನಾಚಿಕೆಯಿಂದ ಮುದುಡುತ್ತಿದ್ದರು. ಹನ್ನೆರಡನೆಯವನು ಹರಿದಾಸ, ಶಿವರಾಯನ ಲ್ಯಾಬಿನಲ್ಲಿ ಬಾಟಲಿ ತೊಳೆಯುವವನು, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಕೂತಿದ್ದ. ತೊಳೆದಾಯಿತು. ಪಾದ್ರಿ ಬೋಗುಣಿಯನ್ನು ಮೆಟ್ಟಿಲ ಬಳಿ ಇಟ್ಟ. ಮೆಟ್ಟಿಲ ಬಳಿ, ಮುಂದಿನ ಬೆಂಚಿನಲ್ಲಿ, ವಯಸ್ಸಾದವಳೆಂದು ಈರಮ್ಮನನ್ನು ಕೂರಿಸಿದ್ದರು. ಶಿವರಾಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಏನು ಮಾಡುತ್ತಾಳೆಂದು ಆ ಇನ್ನೂರು ಜನರಲ್ಲಿ ಅವನೊಬ್ಬನಿಗೇ ಒಂದು ಕ್ಷಣ ಮೊದಲೇ ಗೊತ್ತಾಯಿತು. ಬೋಗುಣಿಯಲ್ಲಿ ಅಂಗೈ ಅದ್ದಿ ಒಂದು ಸಲ, ಎರಡು ಸಲ, ಮೂರು ಸಲ ಕುಡಿದಳು. ಒದ್ದೆ ಕೈಯನ್ನು ಕಣ್ಣಿಗೂ ನೆತ್ತಿಗೂ ಒತ್ತಿಕೊಂಡಳು. ಹರಿದಾಸನ ಕಡೆ ತಿರುಗಿ ಕೈ ಮುಗಿದು, "ಶರಣು ಅಯ್ಯಾ," ಅಂದಳು. ಹಾಡುವ ಹುಡುಗಿಯರ ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಮೂವರು. ಆಮೇಲೆ ಹಿಂದಿನ ಬೆಂಚುಗಳು. ಶುಭಾ ಹಾಡಿನ ಪುಸ್ತಕದಿಂದ ಮುಖ ಮುಚ್ಚಿಕೊಂಡಳು. ಪಾದ್ರಿ ಟವೆಲು ಹಿಡಿದು ನಿಂತೇ ಇದ್ದ, ಅವನಿಗೂ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಮನೆಗೆ ಬಂದವನೇ ಬಿಂದಿಗೆಯ ನೀರನ್ನು ದೊಡ್ಡ ಚರಿಗೆಗೆ ಸುರಿದು ಮುಷ್ಟಿ ಮುಷ್ಟಿ ಉಪ್ಪು ಕಲಸಿದ. "ಅವ ಯಾರು ಗೊತ್ತದೇನು ನಿನಗ? ನಮ್ಮ ಆಫೀಸಿನಾಗ ಬಾಟ್ಲಿ ತೊಳಿಯಾಂವ!" ಈರಮ್ಮ ಹೆದರಲಿಲ್ಲ. "ಯಾರ ಕಾಲಾದ್ರೇನಪ್ಪಾ, ತೊಳದಾಂವ ಅವರ ಗುರು ಹೌದಲ್ಲ? ಗುರುನೇ ಬಗ್ಗಿ ತೊಳದ ಮ್ಯಾಲ ಅವು ಯಾರ ಕಾಲಂತ ನಾ ಕೇಳಲ್ಯಾ?" ಈ ಉತ್ತರ ಅವನನ್ನು ಇನ್ನಷ್ಟು ಕೆರಳಿಸಿತು. ಕಾಲರಾ, ಕಾಮಾಲೆ, ಟೈಫಾಯ್ಡ್ ಎಂದು ಒಂದೊಂದೇ ಹೆಸರು ಹೇಳುತ್ತ ಅವಳನ್ನು ಬಚ್ಚಲಿಗೆ ನಡೆಸಿದ. ದವಡೆ ಹಿಡಿದು ಅಗಲಿಸಿ ಕುಡಿಸಿದ. ಕುತ್ತಿಗೆ ಒತ್ತಿ ಬಗ್ಗಿಸಿದ. ಬಂತು. ಇನ್ನೊಮ್ಮೆ ಕುಡಿಸಿದ, ಇನ್ನೊಮ್ಮೆ ಬಂತು. ಆಮೇಲೆ ಬರೀ ಹಳದಿ ನೊರೆ. ಚನಬಸವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಎಲ್ಲ ಮುಗಿದಮೇಲೆ ಅವನೇ ಒಂದು ಲೋಟ ಒಳ್ಳೆಯ ನೀರು ತಂದು ಬಾಯಿ ಮುಕ್ಕಳಿಸು ಅಂದ. ಗೋಡೆ ಹಿಡಿದು ಎದ್ದು ನಿಂತ ತಾಯಿ ಲೋಟ ನೋಡಿದಳು. "ನೀ ಕೊಟ್ಟ ನೀರು ನನ್ನ ಒಳಗ ನಿಲ್ಲಂಗಿಲ್ಲಪ್ಪಾ." ಅಷ್ಟೇ. ಅದೇ ಕೊನೆಯ ಮಾತು.

ಚರ್ಚಿನೊಳಗೆ ಕಾಲಿಟ್ಟಾಗ ಜನ ತುಂಬಿ ಹೋಗಿದ್ದರು. ಹನ್ನೆರಡರಿಂದ ಮೂರರವರೆಗೆ ಪ್ರಾರ್ಥನೆಯಂತೆ, ಅಷ್ಟು ಹೊತ್ತು ಯಾರೂ ಹನಿ ನೀರೂ ಕುಡಿಯುವುದಿಲ್ಲವಂತೆ. ಬಾಗಿಲ ಮುದುಕನೊಬ್ಬ ಅವನನ್ನು ಯಾರೋ ಭಕ್ತನೆಂದು ತಿಳಿದು ತೋಳು ಹಿಡಿದು ಬೆಂಚಿನ ನಡುವೆ ತುರುಕಿಬಿಟ್ಟ. ಆಚೆಗೆ ಆರು ಜನ, ಈಚೆಗೆ ಐದು. ಏಳಬೇಕೆಂದರೆ ಎಲ್ಲರ ಮೊಣಕಾಲು ದಾಟಬೇಕು. ಶಿಲುಬೆಗೆ ಬಡಿದಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡುವವರಿದ್ದರು; ಒಬ್ಬ ಮಾಸ್ತರ, ಒಬ್ಬ ನರ್ಸು, ರೈಲ್ವೆಯವನೊಬ್ಬ, ಹೀಗೆ ಸಭೆಯವರೇ. ಶಿವರಾಯ ಹಲ್ಲು ಕಚ್ಚಿ ಕೂತ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬೇರೆಯವರ ಪಾಲಿಗೆ. ಪಕ್ಕದ ಬಾಗಿಲಿನಾಚೆ ಕಂಪೌಂಡಿನ ಗೋಡೆಗೆ ಒಂದು ನಳ ಕಾಣುತ್ತಿತ್ತು, ಹನಿ ಹನಿ ಸೋರುತ್ತಿತ್ತು. ಅದನ್ನು ನೋಡಬಾರದೆಂದು ಕತ್ತು ತಿರುಗಿಸಿದಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಒಮ್ಮೆ ನೋಡಿದಾಗ ಯಾರದೋ ಹುಡುಗಿ ಸೈಕಲ್ಲು ನಿಲ್ಲಿಸಿ, ಬೆನ್ನು ಈ ಕಡೆ ಮಾಡಿ ನಳದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಉಪವಾಸದ ಹೊತ್ತಿನಲ್ಲಿ ಕದ್ದು ಕುಡಿಯುತ್ತಿದ್ದಾಳೆ ಅಂದುಕೊಂಡು ಅವಳ ಮೇಲೂ ಸಿಟ್ಟಾದ.

ಐದನೆಯ ಮಾತಿಗೆ ಎದ್ದು ನಿಂತವನು ಹರಿದಾಸ.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅವನನ್ನು ಖಾಕಿಯಿಲ್ಲದೆ ಶಿವರಾಯ ನೋಡಿಯೇ ಇರಲಿಲ್ಲ. ಐದನೆಯ ಮಾತು ಎಲ್ಲಕ್ಕಿಂತ ಚಿಕ್ಕದು: ನನಗೆ ನೀರಡಿಸಿದೆ. ಹರಿದಾಸ ತನ್ನ ಬಾಗಲಾಣದ ಒರಟು ಮರಾಠಿಯಲ್ಲಿ ಅದನ್ನು ಓದಿ ಪುಸ್ತಕ ಮುಚ್ಚಿದ. ಇವನು ಈಗ ಹೇಳುತ್ತಾನೆ. ಎಲ್ಲರೆದುರು ಮೊಳೆಯ ಮಾತು ಹೇಳುತ್ತಾನೆ. ಲ್ಯಾಬಿನ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ಒಂದು ಅಲ್ಯೂಮಿನಿಯಂ ಮಗ್ಗು. ಎಂಟು ವರ್ಷದಿಂದ ಹರಿದಾಸ ಅದರಲ್ಲೇ ನೀರು ಕುಡಿಯುವುದು, ಅದರಲ್ಲೇ ಚಹಾ. ಉಳಿದವರ ಗಾಜಿನ ಲೋಟಗಳು ಟೇಬಲಿನ ಮೇಲೆ. ಅವನ್ನು ತೊಳೆದಿಡುವವನೂ ಹರಿದಾಸನೇ. ಯಾರೂ ಅವನಿಗೆ ಬೇರೆ ಕುಡಿ ಎಂದಿಲ್ಲ, ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜ, ಯಾರೂ ಎಂದಿಲ್ಲ. ಶಿವರಾಯ ಔರಂಗಾಬಾದಿನಿಂದ ವರ್ಗವಾಗಿ ಬಂದ ಮೊದಲ ವಾರ, "ಹರಿದಾಸ, ನಿನ್ನ ಮಗ್ಗು ಎಲ್ಲೆಲ್ಲೋ ಇರುತ್ತದೆ, ಇಲ್ಲಿದ್ದರೆ ಅನುಕೂಲ," ಅನ್ನುತ್ತ ಒಂದು ಮೊಳೆ ಬಡಿದಿದ್ದನಷ್ಟೇ. ನಾಲ್ಕು ಏಟು. ಹರಿದಾಸನೇ ಸುತ್ತಿಗೆ ತಂದುಕೊಟ್ಟಿದ್ದ.

"ನನಗೆ ಆಫೀಸಿನಲ್ಲಿ ಒಬ್ಬ ಸಾಹೇಬರು ಒಂದು ಮಾತು ಕಲಿಸಿದ್ದಾರೆ," ಎಂದ ಹರಿದಾಸ. ಶಿವರಾಯ ಮುಂದಿನ ಬೆಂಚಿನ ಹಲಗೆ ಹಿಡಿದುಕೊಂಡ. "ಯಾವ ಹೊಳೆಯ ನೀರು ತುಂಬಬೇಕೋ ಅದೇ ಹೊಳೆಯ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ ಚೆಲ್ಲಬೇಕು. ಇಲ್ಲದಿದ್ದರೆ ಮೊದಲು ಒಳಗಿದ್ದದ್ದು ಸುಳ್ಳು ಹೇಳಿಸುತ್ತದೆ. ಒಳ್ಳೆಯ ಮಾತು. ನಾನು ಈ ವಚನವನ್ನೂ ಹಾಗೇ ಮೂರು ಸಲ ಗಲಬರಿಸಿ ನೋಡಿದೆ. ಈ ಮನುಷ್ಯ ಎರಡು ಸಲ ನೀರು ಕೇಳುತ್ತಾನೆ. ಮೊದಲನೇ ಸಲ ಸಮಾರ್ಯದ ಬಾವಿಕಟ್ಟೆಯ ಮೇಲೆ, ಇಂಥದ್ದೇ ಮಧ್ಯಾಹ್ನ, ನಡೆದು ನಡೆದು ಸುಸ್ತಾಗಿ. ಕೊಡ ಹೊತ್ತು ಬಂದವಳನ್ನು, ಬಾಯೀ, ಕುಡಿಯಲಿಕ್ಕೆ ಕೊಡು ಅನ್ನುತ್ತಾನೆ. ನೀನು ಆ ಜಾತಿ, ನಾನು ಈ ಜಾತಿ, ನನ್ನ ಕೈಯ ನೀರು ನಿನಗೆ ನಡೆಯುತ್ತದೆಯೇ ಅನ್ನುತ್ತಾಳೆ ಆಕೆ. ಅಲ್ಲಿಂದ ದೊಡ್ಡ ಮಾತು ಬೆಳೆಯಿತು. ಒಮ್ಮೆ ಕುಡಿದರೆ ಮತ್ತೆಂದೂ ನೀರಡಿಸದಂಥ ನೀರಿನ ಮಾತು. ಅದನ್ನು ಪಾದ್ರಿಸಾಹೇಬರು ಹೇಳುತ್ತಾರೆ. ನಾನು ಬಾಟಲಿ ತೊಳೆಯುವವನು, ತಳದಲ್ಲಿ ಉಳಿದ ಹನಿ ನೋಡುವುದೇ ನನ್ನ ಕೆಲಸ. ಆಕೆ ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿದಳು ಅಂತ ಬರೆದಿದೆ. ಅವನಿಗೆ ನೀರು ಕೊಟ್ಟಳೋ? ಬರೆದಿಲ್ಲ. ಎರಡನೇ ಸಲ ಕೇಳಿದ್ದು ಶಿಲುಬೆಯ ಮೇಲಿಂದ. ಆಗ ಕೊಟ್ಟರು. ಹುಳಿತ ದ್ರಾಕ್ಷಾರಸದ ಸಿರಕಾ ಕೊಟ್ಟರು. ಎಂದೂ ಬತ್ತದ ನೀರು ಕೊಡುತ್ತೇನೆ ಅಂದವನಿಗೆ ಒಂದು ಲೋಟ ನೀರು ಸಿಕ್ಕಿದ್ದು ಎಲ್ಲೂ ಬರೆದಿಲ್ಲ."

ಯಾರೋ ಕೆಮ್ಮಿದರು. ಪಾದ್ರಿ ತಲೆಯೆತ್ತಿ ನೋಡಿದ. ಹರಿದಾಸನ ದನಿ ಏರಲಿಲ್ಲ, ಗಟ್ಟಿಯಾಯಿತು.

"ನನ್ನ ಬಾಪ ಸಟಾಣಾದ ಕಡೆಯವನು. ಬಾವಿಕಟ್ಟೆಯಿಂದ ಹತ್ತು ಮಾರು ದೂರ ಕೊಡ ಇಟ್ಟುಕೊಂಡು ಕೂರಬೇಕಿತ್ತು, ಯಾರಿಗಾದರೂ ದಯೆ ಬಂದು ಮೇಲಿಂದ ಸುರಿಯುವ ತನಕ. ಮೂವತ್ತನೆಯ ವಯಸ್ಸಿಗೆ ದೀಕ್ಷಾಸ್ನಾನ ತೆಗೆದುಕೊಂಡ. ತೆಗೆದುಕೊಳ್ಳುವಾಗ ಪಾದ್ರಿಯನ್ನು ಒಂದೇ ಕೇಳಿದನಂತೆ: ಇನ್ನು ಮೇಲೆ ನಾನು ಬಾವಿಗೆ ಹಗ್ಗ ಬಿಡಬಹುದೋ? ಪಾದ್ರಿ, ನಿನಗೆ ಜೀವಜಲ ಸಿಗುತ್ತದೆ ಅಂದ. ಕೊಡಿ ಅಂದ ಬಾಪ, ಅದನ್ನೂ ಕೊಡಿ, ಆದರೆ ಬಾವಿ? ಸಾಯುವ ತನಕ ಬಾಪ ಆ ಬಾವಿಗೆ ಹಗ್ಗ ಬಿಡಲಿಲ್ಲ. ಆ ನೀರು, ಈ ನೀರು ಎರಡೂ ಒಂದೆಯೋ ಬೇರೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಬೇಕು. ನಿನ್ನೆ ಸಂಜೆ ಒಬ್ಬ ಆಯೀ ಇಲ್ಲಿ ನನ್ನ ಕಾಲಿನ ನೀರು ಕುಡಿದಳು. ನೀವು ನಕ್ಕಿರಿ. ನಾನೂ ನಾಚಿಕೆಯಿಂದ ಸತ್ತೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನನ್ನ ಕೈ ಮುಟ್ಟಿದ ನೀರನ್ನೇ ಐವತ್ತು ವರ್ಷ ಯಾರೂ ಕುಡಿದವರಿಲ್ಲ." ಅಷ್ಟಕ್ಕೆ ನಿಲ್ಲಿಸಿ, ಆಮೆನ್ ಅನ್ನುವುದನ್ನೂ ಮರೆತು, ಹೋಗಿ ಕೂತುಬಿಟ್ಟ.

ಆರನೆಯ ಮಾತೂ ಏಳನೆಯ ಮಾತೂ ಶಿವರಾಯನ ಕಿವಿಗೆ ಬೀಳಲಿಲ್ಲ. ಮೊಳೆಯ ಮಾತು ಬರಲಿಲ್ಲ. ಬಂದಿದ್ದರೆ ಎದ್ದು ನಿಂತು ಕೂಗಾಡಬಹುದಿತ್ತು. ಬದಲಿಗೆ ಸಾಹೇಬರು, ಒಳ್ಳೆಯ ಮಾತು! ಮರ್ಯಾದೆಯಲ್ಲಿ ಸುತ್ತಿ ಕೊಟ್ಟ ಏಟು ಇದು, ಬೇಕೆಂದೇ ಕೊಟ್ಟದ್ದು ಅಂದುಕೊಂಡು ಆರುತ್ತಿದ್ದ ಸಿಟ್ಟಿಗೆ ಮತ್ತೆ ಊದಿದ. ನಾಲಿಗೆ ಬಾಯಿಯೊಳಗೆ ಚರ್ಮದ ತುಂಡಿನಂತೆ ಬಿದ್ದಿತ್ತು. ಮೂರಕ್ಕೆ ಜನ ಹೊರಬಿದ್ದಾಗ ಬೇವಿನ ಮರದ ಕೆಳಗೆ ಹರಿದಾಸನನ್ನು ಹಿಡಿದ.

"ಸಾಹೇಬ, ನೀವು!" ಹರಿದಾಸನ ಮುಖ ನಿಜವಾಗಿಯೂ ಅರಳಿತು. "ಆಯೀ ಹೇಗಿದ್ದಾರೆ? ಅವರಿಗೆ ಒಂದು ಮಾತು ಹೇಳಬೇಕಿತ್ತು ನಾನು..."

"ಹೇಳುವಂತೆ, ಬಾ. ನಾನು ಹೇಳಿಕೊಟ್ಟದ್ದನ್ನು ಹೇಳು. ಅದು ನಳದ ನೀರು, ಅದರಲ್ಲಿ ಏನೂ ಇರಲಿಲ್ಲ ಅನ್ನು. ನಾನು ಬಾಟಲಿ ತೊಳೆಯುವವನು ಅನ್ನು." ಮರಾಠಿ ತೊದಲುತ್ತಿತ್ತು, ಸಿಟ್ಟಿಗೋ ನೀರಡಿಕೆಗೋ. "ನಿನ್ನೆಯಿಂದ ಆಕೆ ನೀರು ಕುಡಿದಿಲ್ಲ, ಗೊತ್ತೇನು? ನಿಮ್ಮ ಈ ನಾಟಕದಿಂದ! ಆ ಹೊಲಸನ್ನು ನಾನು ಕಕ್ಕಿಸಬೇಕಾಯಿತು. ಉಪ್ಪು ನೀರು ಹಾಕಿ ಕಕ್ಕಿಸಿದೆ."

ಹೇಳಿದ ಮೇಲೆ ಅವನಿಗೇ ಕೇಳಿಸಿತು.

ಹರಿದಾಸ ನಳದ ಕಡೆ ನೋಡಿದ. ಜನ ನಳದ ಸುತ್ತ ಮುತ್ತಿ ಕುಡಿಯುತ್ತಿದ್ದರು. "ಎಲ್ಲಾ ಬಂತಾ, ಸಾಹೇಬ?" ಎಂದ ಮೆಲ್ಲಗೆ, ಲ್ಯಾಬಿನಲ್ಲಿ ಬಾಟಲಿ ಸರಿಯಾಗಿ ಬರಿದಾಯಿತೇ ಎಂದು ಕೇಳುವ ಅದೇ ದನಿಯಲ್ಲಿ.

"ಏನು?"

"ಮೂರು ಬೊಗಸೆ ಕುಡಿದಿದ್ದರು. ಎಲ್ಲಾ ಹೊರಗೆ ಬಂತಾ ಅಂದೆ. ಬಂದಿದ್ದರೆ ಇನ್ನು ನಾನ್ಯಾಕೆ ಬರಲಿ? ನನ್ನ ಕೆಲಸ ನೀವೇ ಮಾಡಿದ್ದೀರಿ. ತೊಳೆದಿದ್ದೀರಿ."

"ಹರಿದಾಸ, ಆಕೆ ಸತ್ತರೆ..."

"ಸುಳ್ಳು ಹೇಳಲಿಕ್ಕೆ ನಾನು ಬರುವುದಿಲ್ಲ. ಅದರಲ್ಲಿ ಏನೂ ಇರಲಿಲ್ಲ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆಯೇ? ಪರೀಕ್ಷೆ ಮಾಡಿದ್ದೀರೇನು?" "ಸೋಮವಾರ ನನ್ನ ಮಗ್ಗು ಅಲ್ಲಿ ಇರುವುದಿಲ್ಲ, ಸಾಹೇಬ. ಮೊಳೆ ನಿಮ್ಮದು. ನೀವೇ ಕಿತ್ತುಕೊಳ್ಳಿ." ತಿರುಗಿ ಜನರ ನಡುವೆ ನಡೆದುಬಿಟ್ಟ. ಬಿಳಿ ಅಂಗಿಯ ಬೆನ್ನು. ಇವತ್ತು ಎಲ್ಲರೂ ಅವನಿಗೆ ಬೆನ್ನನ್ನೇ ತೋರಿಸುತ್ತಿದ್ದರು.

ನಳದ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಬಿಸಿಲಲ್ಲಿ ವಾಪಸು ನಡೆಯುತ್ತ ಅವನಿಗೆ ಪೂರಾ ಎಚ್ಚರವಿರಲಿಲ್ಲ. ಎಂಟು ವರ್ಷದವನಿದ್ದಾಗ ತಂದೆ ಸತ್ತ ಹೊಸತರಲ್ಲಿ ಭಾಲ್ಕಿಯಿಂದ ಔರಂಗಾಬಾದಿನ ಸೋದರಮಾವನ ಮನೆಗೆ ಬಸ್ಸಿನಲ್ಲಿ ಹೋದದ್ದು, ದಾರಿಯುದ್ದಕ್ಕೂ ಕಿಟಕಿಯಾಚೆ ಕಕ್ಕಿದ್ದು, ಕಂಡಕ್ಟರ್ ಬೈದದ್ದು, ಬೆನ್ನ ಮೇಲೆ ಅವ್ವನ ಅಂಗೈ ಕುತ್ತಿಗೆಯಿಂದ ಸೊಂಟಕ್ಕೆ, ಸೊಂಟದಿಂದ ಕುತ್ತಿಗೆಗೆ ನಿಲ್ಲದೆ ಆಡುತ್ತಿದ್ದದ್ದು ನೆನಪಾಯಿತು. ಆ ಅಂಗೈ ಒರಟು. ಅದು ಆಡುತ್ತಿದ್ದರೆ ಕಕ್ಕುವುದೂ ಒಂದು ಸುಖವೇ. ಅವ್ವ ಸತ್ತಿದ್ದರೆ? ನಾನು ಕೊಂದೆನೇ? ಇಲ್ಲ, ಅವಳ ಹಟ ಕೊಂದಿತು, ಆ ಪಾದ್ರಿ ಕೊಂದ, ಹರಿದಾಸ ಕೊಂದ. ಒಂದೊಂದು ಹೆಜ್ಜೆಗೆ ಒಬ್ಬೊಬ್ಬರ ಮೇಲೆ ಹಾಕುತ್ತ ನಡೆದ. ಹೆಜ್ಜೆಗಳು ಇನ್ನೂ ಉಳಿದಿದ್ದವು, ಹೆಸರುಗಳು ಮುಗಿದವು.

ಮನೆಯ ಬಾಗಿಲಲ್ಲಿ ಶುಭಾಳ ಸೈಕಲ್ಲು ಹೊರಳಿ ಬಿದ್ದಿತ್ತು. ಒಳಗೆ ಈರಮ್ಮ ಗೋಡೆ ಬಿಟ್ಟು ಈ ಕಡೆ ತಿರುಗಿ ಕೂತಿದ್ದಳು. ತುಟಿ ಒದ್ದೆಯಾಗಿತ್ತು. ಅವಳ ಮುಂದೆ, ಇರುವೆ ಬಿದ್ದ ತುಂಬಿದ ತಂಬಿಗೆಯ ಪಕ್ಕದಲ್ಲಿ, ಅವನ ಚೀಲದ ಬಿಳಿ ಪ್ಲಾಸ್ಟಿಕ್ ಬಾಟಲಿ ಖಾಲಿಯಾಗಿ ನಿಂತಿತ್ತು; ಒಂದು ಲೀಟರಿನದು, ಸೋಮವಾರ ಪಂಚವಟಿಯ ಕುಂಡಕ್ಕೆಂದು ತೆಗೆದಿಟ್ಟದ್ದು. ಬಾಟಲಿಗೆ ಆಫೀಸಿನ ಚೀಟಿ ಅಂಟಿತ್ತು. ಮಗಳ ದುಂಡಕ್ಷರ. ಸ್ಥಳ: ಚರ್ಚಿನ ನಳ. ವೇಳೆ: ೧.೪೦. ನೀರು ತುಂಬಿದವರು: ಶುಭಾ ಶಿವರಾಯ. ಷರಾ ಅನ್ನುವ ಜಾಗದಲ್ಲಿ: ಆಜೀಸಾಠೀ, ಅಜ್ಜಿಗಾಗಿ.

ಶುಭಾ ಅಡುಗೆಮನೆಯ ಬಾಗಿಲಿಗೆ ಆತುಕೊಂಡು, ಮುರಿಸಿಕೊಳ್ಳಲು ಸಿದ್ಧವಾದ ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದಳು. "ತೀನ ವೇಳಾ ತೊಳದೀನಿ, ಪಪ್ಪಾ," ಅಂದಳು. "ಮೂರ ಸಲ. ಅದೇ ನೀರಿಂದ. ತುಮ್ಹೀ ಸಾಂಗತಾ ತಸಂ, ನೀವು ಹೇಳ್ತೀರಲ್ಲ ಹಂಗೇ."

ಚನಬಸವ್ವ ನಗಲಿಲ್ಲ, ಬಯ್ಯಲಿಲ್ಲ. "ಒಂದ ಗುಟಕೂ ಬಿಡಲಿಲ್ಲ, ಪೂರಾ ಕುಡದ್ರು," ಅಂದಳು, ಅಷ್ಟೇ.

ಅವನು ಗೋಡೆಗೆ ಒರಗಿ ಕೂತ. ಅದು ಇದೇ ಮುನಿಸಿಪಾಲ್ಟಿಯ ನೀರು, ಇದೇ ಪೈಪು, ನಿನ್ನ ತಂಬಿಗೆಯಲ್ಲಿ ಇರುವುದೂ ಅದೇ ಅನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ. ಹುಟ್ಟಿದಮೇಲೆ ಯಾವ ಮನೆಯಲ್ಲೂ ಅವನು ಎಂದೂ ಬಾಯಿಬಿಟ್ಟು ಆಡಿರದ ಮಾತು. ಕೇಳುವ ಮೊದಲೇ ಯಾರಾದರೂ ತಂದಿಡುತ್ತಿದ್ದರು.

"ಅವ್ವಾ, ನೀರ ಕೊಡು."

ಚನಬಸವ್ವ ಕೊಡದ ಕಡೆ ಹೆಜ್ಜೆ ಇಟ್ಟಳು. ಈರಮ್ಮ ಕೈ ಎತ್ತಿ ಅವಳನ್ನು ತಡೆದಳು. ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಇಪ್ಪತ್ತು ತಾಸಿನ ಮೇಲೆ ತೆರೆದ ಬಾಯಿಯ ದನಿ ಒಡೆದಿತ್ತು, ಆದರೆ ನಡುಗುತ್ತಿರಲಿಲ್ಲ.

"ಬಚ್ಚಲದಾಗ ಅದ ನೋಡು. ನಿನ್ನಿ ನೀ ಕಲಸಿದ್ದು ಅರ್ಧ ಚರಿಗಿ ಉಳದದ. ನೀರ ದಿನಾ ಬಿಟ್ಟ ದಿನಾ ಬರ್ತದ, ಚೆಲ್ಲಬಾರ್ದಂತ ನಾನ ಮುಚ್ಚಿಟ್ಟೀನಿ."

ಹೇಳಿ ಮುಗಿಸಿ ಅವಳು ಖಾಲಿ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುವಿ ಹಾಕಿದಳು.

ಶಿವರಾಯ ಎದ್ದ. ಯಾರೂ ತಡೆಯಲಿಲ್ಲ. ಬಚ್ಚಲಿನ ಕಟ್ಟೆಯ ಮೇಲೆ ಚರಿಗೆ, ಅದರ ಮೇಲೆ ತಾಟು. ತಾಟು ಸರಿಸಿದ. ತಳದಲ್ಲಿ ಕರಗದ ಉಪ್ಪು ಬೆಳ್ಳಗೆ ಕೂತಿತ್ತು, ಇಷ್ಟು ಹಾಕಿದ್ದೆನೇ? ಲ್ಯಾಬಿನಲ್ಲಾಗಿದ್ದರೆ ಅಳೆದು ಹಾಕುತ್ತಿದ್ದ. ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟ. ಮೊದಲನೇ ಗುಟುಕು ಒಡೆದ ತುಟಿಯನ್ನು ಸುಟ್ಟುಕೊಂಡು ಹೋಯಿತು. ಎರಡನೆಯದು ಇಳಿಯಿತು. ಮೂರನೆಯದು ಇಳಿಯುವ ಮೊದಲೇ ಹೊಟ್ಟೆಯ ತಳ ಮೇಲೆದ್ದು ಬಂತು. ಚರಿಗೆ ಉರುಳಿ ಕಲ್ಲಿಗೆ ಬಡಿದು ಸದ್ದಾಯಿತು. ಅವನು ನಿನ್ನೆ ಅವಳು ಹಿಡಿದುಕೊಂಡಿದ್ದ ಅದೇ ಗೋಡೆ ಹಿಡಿದು, ಅವಳು ಬಾಗಿದ್ದಂತೆಯೇ ಬಾಗಿದ.

ಹೊರಗಿನಿಂದ ತಾಯಿಯ ದನಿ ಕೇಳಿತು.

"ಶುಭಾ, ಹೋಗವ್ವಾ. ನಿಮ್ಮಪ್ಪನ ಬೆನ್ನ ಮ್ಯಾಲ ಕೈ ಆಡಸು. ನಿನ್ನಿ ನನಗ ಯಾರೂ ಆಡಸಲಿಲ್ಲ."